ಸಬ್ಲಾದಲ್ಲಿ ಸೌಮ್ಯಳ ಸೀಮಂತ

ಬೆಂಗಳೂರು, ತಪಾಸಣೆಯ ಸಾಲು

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೈಚೀಲವನ್ನು ಮಾತ್ರ ಪಕ್ಕಕ್ಕೆ ತೆಗೆದಿಟ್ಟರು. ಸಮವಸ್ತ್ರದ ಹುಡುಗಿ ಅದರೊಳಗಿದ್ದ ರಟ್ಟಿನ ಡಬ್ಬಿ ಬಿಚ್ಚಿ, "ಇಷ್ಟೊಂದು ಹಸಿರು ಬಳೆ! ಯಾರಿಗೆ ಆಂಟಿ?" ಅಂದಳು. "ನನಗಂತೂ ಅಲ್ಲ ಕಣಮ್ಮ" ಅಂದೆ. ಅವಳು ತಮಾಷೆ ಅಂದುಕೊಂಡು ನಕ್ಕಳು.

ತಮಾಷೆಯೇನೂ ಆಗಿರಲಿಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಬಳೆ ಅಂಗಡಿಗೆ ಕಾಲಿಟ್ಟಿದ್ದೇ ಈ ಸಲ. ಯಾರೂ ಬೇಡ ಅಂದಿರಲಿಲ್ಲ ಅನ್ನಿ. ನಮ್ಮದು ಮೈಸೂರು, ಅಲ್ಲಿ ಯಾರೂ ಮುಖ ಮುರಿಯುವ ಹಾಗೆ ಮಾತಾಡುವುದಿಲ್ಲ. ಸೀಮಂತಕ್ಕೋ ಮದುವೆಗೋ ಹೋದರೆ, "ಬನ್ನಿ ಟೀಚರ್, ಇಲ್ಲಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ" ಎಂದು ಪ್ರೀತಿಯಿಂದಲೇ ಹಿಂದಿನ ಸಾಲಿಗೆ ಕಳಿಸುತ್ತಾರೆ. ಆರತಿ ತಟ್ಟೆ ನನ್ನ ಹತ್ತಿರ ಬರುವಷ್ಟರಲ್ಲಿ ಅದನ್ನು ಹಿಡಿದವರಿಗೆ ಏನೋ ನೆನಪಾಗಿ ಬೇರೆ ಕಡೆ ತಿರುಗುತ್ತಾರೆ. ಮೊದಮೊದಲು ಸಂಕಟವಾಗುತ್ತಿತ್ತು. ಆಮೇಲೆ ಫ್ಯಾನ್ ಎಲ್ಲಿದೆ ಎಂದು ನಾನೇ ನೋಡಿಕೊಂಡು ಹೋಗಿ ಕೂರುವುದನ್ನು ಕಲಿತೆ.

ಹಾಗೆಂದು ನಾನು ಮೂಲೆ ಸೇರಿದವಳಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾಗಿದ್ದೇನೆ. ನಿಯಮಾವಳಿ ಬಾಯಿಪಾಠ. ಸಮುದಾಯ ಭವನ ಬೇಕೆಂದರೆ ಮೊದಲು ಅರ್ಜಿ, ಆಮೇಲೆ ಸಮಿತಿ, ಆಮೇಲೆ ನನ್ನ ಸೆರಗಿನ ತುದಿಯಲ್ಲಿರುವ ಬೀಗದ ಕೈ. ಅಧ್ಯಕ್ಷ ಶ್ರೀಕಂಠಯ್ಯನವರು "ಸ್ವಲ್ಪ ಸಡಿಲ ಮಾಡೋಣ ಟೀಚರ್" ಅಂದಾಗಲೆಲ್ಲ ನಾನು ನಿಯಮ ಓದಿ ಬಾಯಿ ಮುಚ್ಚಿಸುತ್ತೇನೆ. ಭವನ ಸದಾ ಸ್ವಚ್ಛವಾಗಿರುತ್ತದೆ. ಬಳಸುವವರು ಕಡಿಮೆ.

ಒಮಾನಿನಲ್ಲಿರುವ ತಂಗಿ ವಸಂತಿ ಬಹಳ ವರ್ಷದಿಂದ ಕರೆಯುತ್ತಿದ್ದಳು. ಈ ಸಲ ಹೊರಟೆ ಅಂದಾಗ, "ಅಕ್ಕಾ, ಬರುವಾಗ ಹಸಿರು ಗಾಜಿನ ಬಳೆ ತಗೊಂಡು ಬಾ, ಇಲ್ಲೊಂದು ಸೀಮಂತ ಇದೆ" ಅಂದಳು. ಸರಿ, ತರುವುದಕ್ಕೆ ಅಡ್ಡಿಯಿಲ್ಲವಲ್ಲ ಎಂದು ತಂದೆ.

ಅಲ್ ಮವಾಲೇಹ್

ವಸಂತಿ ಮತ್ತು ಅವಳ ಗಂಡ ಗಣೇಶ್ ಇರುವುದು ಮಸ್ಕತ್ತಿನ ಹೊರಮಗ್ಗುಲಿನ ಅಲ್ ಮವಾಲೇಹ್‌ನಲ್ಲಿ. ಅಲ್ಲಿ ಮನೆಮನೆಗೂ ಒಂದೇ ಮಾಸಲು ಬಿಳುಪು, ಒಂದೇ ಎತ್ತರದ ಕಾಂಪೌಂಡು. ಮೊದಲ ಬೆಳಿಗ್ಗೆ ವಾಕಿಂಗ್ ಮುಗಿಸಿದವಳು ಧೈರ್ಯವಾಗಿ ಪಕ್ಕದ ಮನೆಯ ಗೇಟು ತಳ್ಳಿ, ಚಪ್ಪಲಿ ಬಿಟ್ಟು, "ವಸಂತೀ, ಕಾಫಿ" ಎಂದು ಕೂಗಿದೆ. ಒಮಾನಿ ಹೆಂಗಸೊಬ್ಬಳು ಹೊರಗೆ ಬಂದಳು. ನಾನು ದಾರಿ ತಪ್ಪಿದವಳೆಂದು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಆದರೂ ಮೊದಲು ಖರ್ಜೂರದ ತಟ್ಟೆ ತಂದು ಹಿಡಿದಳು, ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಘಮದ ಕಹಿ ಕಾಫಿ ಕೊಟ್ಟಳು. ಅದೆಲ್ಲ ಆದ ಮೇಲೆ ಕೈ ಹಿಡಿದು ತಂಗಿಯ ಗೇಟಿಗೆ ಬಿಟ್ಟಳು. ಮೈಸೂರಿನಲ್ಲಿ ಹಾಗೆ ಯಾರಾದರೂ ಒಳಗೆ ನುಗ್ಗಿದ್ದರೆ ನಾನು ಮೊದಲು "ಯಾರ್ರೀ ನೀವು?" ಅನ್ನುತ್ತಿದ್ದೆ.

ಮವಾಲೇಹ್‌ನ ಕನ್ನಡದವರು ಒಂದು ಬಳಗ ಕಟ್ಟಿಕೊಂಡಿದ್ದಾರೆ. ತರಕಾರಿ ಮಾರುಕಟ್ಟೆಯ ಹಿಂದಿನ ಬ್ಲಾಕಿನಲ್ಲಿ ಒಂದು ವಿಲ್ಲಾದ ನೆಲಮಹಡಿ ಆ ಬಳಗದ ಜಾಗ. ಕರಾವಳಿಯವರು ಹೆಚ್ಚಾದ್ದರಿಂದ ಎಲ್ಲರೂ ಅದನ್ನು ಚಾವಡಿ ಅನ್ನುತ್ತಾರೆ. ಒಂದು ಮೂಲೆಯಲ್ಲಿ ಸುತ್ತಿಟ್ಟ ಜಮಖಾನೆ, ಇನ್ನೊಂದು ಮೂಲೆಯಲ್ಲಿ ಊರಿಗೇ ಅಡುಗೆ ಮಾಡಬಹುದಾದ ಪಾತ್ರೆಗಳು, ಗೋಡೆಗೆ ತೂಗಿದ ಚೆಂಡೆ, ಮಕ್ಕಳ ಕನ್ನಡ ತರಗತಿಗೆ ಒಂದು ಹಲಗೆ. ನಾನು ಹೋದಾಗ ತರಗತಿ ನಡೆಯುತ್ತಿತ್ತು. ಕೊಡೆಯ ಚಿತ್ರ ತೋರಿಸಿ "ಇದು ಏನು?" ಎಂದು ಕೇಳಿದರೆ ಮಗುವೊಂದು "ಇಟ್ಸ್ ಎ ಕೊಡೆ, ಆಂಟಿ" ಅಂದಿತು. ಕೊಡೆ ಬಂತಲ್ಲ, ಉಳಿದದ್ದು ನಿಧಾನಕ್ಕೆ ಬರುತ್ತದೆ ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು.

ಯಾರಾದರೂ ಆಸ್ಪತ್ರೆ ಸೇರಿದರೆ ಚಾವಡಿಯಿಂದ ಟಿಫನ್ ಕ್ಯಾರಿಯರ್ ಹೋಗುತ್ತದೆ. ದೂರದ ದುಕ್ಮ್ ಬಂದರಿನಿಂದ ಊರಿಗೆ ಹೊರಟವರು ಕಂಪನಿ ಬಸ್ಸಿನಲ್ಲಿ ಬಂದು, ವಿಮಾನದ ಹೊತ್ತಾಗುವವರೆಗೆ ಇಲ್ಲೇ ಕಾಲು ಚಾಚುತ್ತಾರೆ. ಆ ದಿನ ಬಂಟ್ವಾಳದ ವೆಲ್ಡರ್ ಒಬ್ಬರು ಹಾಗೆ ಕಾಯುತ್ತ, ಸುಮ್ಮನೆ ಕೂರಲಾರದೆ ಬಳಗದ ಪಾತ್ರೆಗಳನ್ನೆಲ್ಲ ತಿಕ್ಕಿ ಬೋರಲು ಹಾಕುತ್ತಿದ್ದರು. ನಾನು ಸುತ್ತ ನೋಡಿ ನನ್ನ ಕಸುಬಿನ ಪ್ರಶ್ನೆ ಕೇಳಿದೆ: "ಬೀಗದ ಕೈ ಯಾರ ಹತ್ತಿರ ಇರುತ್ತೆ?"

"ಚಪ್ಪಲಿ ಸ್ಟ್ಯಾಂಡಿನ ಮೇಲೆ" ಅಂದರು ಲೀಲಕ್ಕ.

ಲೀಲಕ್ಕ ಪುತ್ತೂರಿನವರು, ನನ್ನದೇ ವಯಸ್ಸಿನವರು. ಬಳಗದಲ್ಲಿ ಅವರಿಗೆ ಯಾವ ಹುದ್ದೆಯೂ ಇಲ್ಲ, ಆದರೆ ಅವರು ಹ್ಞೂಂ ಅನ್ನದೆ ಒಲೆ ಹೊತ್ತುವುದಿಲ್ಲ. ಬೀಗದ ಕೈ ಚಪ್ಪಲಿ ಸ್ಟ್ಯಾಂಡಿನ ಮೇಲೆ ಎಂದು ಕೇಳಿ ನನ್ನ ಮುಖ ಹೇಗಾಯಿತೋ, ಅವರು ನಗುತ್ತ, "ನಮ್ಮಲ್ಲಿ ನಿಯಮ ಅಂತ ಇರುವುದು ಒಂದೇ ಟೀಚರೇ. ಎಂತ ಶುಭಕಾರ್ಯ ಆದ್ರೂ ಊರಿಂದ ಕಡೆಗೆ ಬಂದವರದ್ದು ಮೊದಲ ಕೈ. ಊರ ಕೈ ಅಂತ ಹೇಳುವುದು" ಅಂದರು.

"ಯಾಕ್ರೀ ಹಾಗೆ?"

"ಮೊದಲೆಲ್ಲ ಜಗಳವೇ ಜಗಳ ಮಾರಾಯ್ರೆ. ಅಧ್ಯಕ್ಷರ ಹೆಂಡತಿ ಮೊದಲಾ, ಹಿರಿಯವರು ಮೊದಲಾ, ಯಾವ ಜಾತಿಯವರು ಮೊದಲಾ ಅಂತ. ಒಂದು ನಾಮಕರಣದಲ್ಲಿ ಇವರು ಜಗಳ ಮಾಡ್ತಾ ಮಾಡ್ತಾ ಮಗು ತೊಟ್ಟಿಲಿಗೆ ಹೋಗದೆ ಚಾಪೆಯಲ್ಲೇ ನಿದ್ದೆ ಮಾಡಿತು. ಮತ್ತೆ ಈ ನಿಯಮ ಮಾಡಿದ್ದು. ಈಗಷ್ಟೇ ಬಂದವರು ಯಾರ ಪಾರ್ಟಿಯೂ ಅಲ್ಲ ಅಲ್ವಾ? ಅವರ ಕೈಯಲ್ಲಿ ಊರಿನ ಬಿಸಿ ಇನ್ನೂ ಉಂಟು." ಅಷ್ಟು ಹೇಳಿ ನನ್ನ ಭುಜ ತಟ್ಟಿದರು. "ಈಗ ಕಡೆಗೆ ಬಂದವರು ನೀವು. ಸೀಮಂತದಲ್ಲಿ ಸೌಮ್ಯನಿಗೆ ಮೊದಲ ಬಳೆ ಹಾಕುವುದು ನೀವು."

ವಸಂತಿಯ ಕಡೆ ನೋಡಿದರೆ ಅವಳು ತಲೆ ಬಗ್ಗಿಸಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮನೆಗೆ ಬಂದವಳೇ ತರಾಟೆಗೆ ತೆಗೆದುಕೊಂಡೆ.

"ಅವರಿಗೆ ನೀನು ಹೇಳಿಲ್ವೇನೇ?"

"ಏನು ಹೇಳ್ಬೇಕಿತ್ತಕ್ಕಾ?"

"ನಾನು ಬಳೆ ಹಾಕೋ ಹಾಗಿಲ್ಲ ಅಂತ."

"ಯಾರು ಹೇಳಿದ್ದು ಹಾಗಂತ?"

ಬಾಯಿ ಬಿಟ್ಟು ಯಾರೂ ಹೇಳಿರಲಿಲ್ಲವಲ್ಲ. ಆದರೂ ಹೆರಿಗೆಯ ಹೊಸ್ತಿಲಲ್ಲಿರುವ ಯಾರದೋ ಮಗಳ ಮೇಲೆ ನನ್ನ ಧೈರ್ಯವನ್ನು ಪರೀಕ್ಷೆ ಮಾಡುವುದು ನನಗೆ ಬೇಡವಾಗಿತ್ತು. ಚಾವಡಿಯಲ್ಲಿ ಅಷ್ಟೊಂದು ಹೆಂಗಸರಿರುತ್ತಾರೆ, ಆ ಹೊತ್ತಿಗೆ ಡಬ್ಬಿಯನ್ನು ಯಾರ ಕೈಗಾದರೂ ದಾಟಿಸಿ ಎಸಿ ಕೆಳಗೆ ಹೋಗಿ ಕೂರುವುದು ಎಂದು ತೀರ್ಮಾನಿಸಿದೆ.

ನಿಜ್ವಾ

ಸೌಮ್ಯ ಕಾರ್ಕಳದ ಹುಡುಗಿ. ಗಂಡ ಪ್ರವೀಣ ನಿಜ್ವಾದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದಾನೆ. ಸೀಮಂತಕ್ಕೆ ಬರಲು ಅವಳ ಅಮ್ಮ ಟಿಕೆಟ್ ಮಾಡಿಸಿಕೊಂಡು, ಹಪ್ಪಳ ಉಪ್ಪಿನಕಾಯಿ ಕಟ್ಟಿಟ್ಟು, ಅಂಗಳದಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಅತ್ತೆ ಮೊದಲೇ ಇಲ್ಲ. ಏಳನೇ ತಿಂಗಳು ಮುಗಿಯುತ್ತ ಬಂದಿತ್ತು. ಎಂಟರಲ್ಲಿ ಮಾಡುವ ಪದ್ಧತಿಯಿಲ್ಲ, ಒಂಬತ್ತರಲ್ಲಿ ಓಡಾಡಬೇಡ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಈ ಶುಕ್ರವಾರವೇ ಆಗಬೇಕು, ಇಲ್ಲದಿದ್ದರೆ ಇಲ್ಲ.

ಬಸುರಿಯನ್ನು ಗಂಡನ ಮನೆಯಿಂದ ತವರಿಗೆ ಕರೆತರುವುದು ಪದ್ಧತಿಯಲ್ಲವೇ? ತವರು ಕಾರ್ಕಳದಲ್ಲಿ ಉಳಿದಿತ್ತು. ಅದಕ್ಕೆ ಬಳಗವೇ ತವರಾಗಿ ಹೋಗಿ ಅವಳನ್ನು ಚಾವಡಿಗೆ ಕರೆತರುವುದೆಂದಾಯಿತು. ವಸಂತಿ ಮತ್ತು ಉಳಿದವರು ಅಡುಗೆಗೆ ನಿಂತರು. ಗಣೇಶ್ ದೊಡ್ಡ ಕಾರು ತೆಗೆದ. ಲೀಲಕ್ಕ ಡಿಕ್ಕಿಗೆ ಅರಿಶಿನ ಕುಂಕುಮ, ತೆಂಗಿನಕಾಯಿ, ವೀಳ್ಯದೆಲೆ, ಐಸ್ ಡಬ್ಬಿಯಲ್ಲಿ ಮಲ್ಲಿಗೆ ತುಂಬಿದರು. ನಾನು ಬಳೆ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತೆ.

ದಾರಿಯುದ್ದಕ್ಕೂ ಗಿಡ ಮರವಿಲ್ಲದ ಬೆಟ್ಟಗಳು, ನಮ್ಮಲ್ಲಿ ಕ್ವಾರಿ ತೋಡಿದ ಮೇಲೆ ಉಳಿಯುತ್ತದಲ್ಲ, ಹಾಗೆ. ನೋಡಿ ನೋಡಿ ನಿದ್ದೆ ಬರುವಷ್ಟರಲ್ಲಿ ಹಸಿರು ಖರ್ಜೂರದ ತೋಪಿನ ನಡುವೆ ನಿಜ್ವಾ ಬಂತು.

ಸೌಮ್ಯ ಹಸಿರು ಸೀರೆಯುಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು. ಟೇಬಲ್ಲಿನ ಮೇಲೆ ಹೂದಾನಿಗೆ ಒರಗಿಸಿಟ್ಟ ಫೋನಿನಲ್ಲಿ ಅವಳ ಅಮ್ಮ. "ಟೀಚರೇ, ಮಗಳನ್ನು ಜಾಗ್ರತೆ ಕರ್ಕೊಂಡು ಹೋಗಿ ಆಯ್ತಾ" ಅಂದರು. ಸೌಮ್ಯ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಬೆರಳುಗಳು ಬಾತುಕೊಂಡು ಬಿಸಿಯಾಗಿದ್ದವು. "ಅಮ್ಮನಿಗೆ ಬರ್ಲಿಕ್ಕೆ ಆಗ್ಲಿಲ್ಲ ಅಂತ ತುಂಬಾ ಬೇಜಾರಿತ್ತು ಆಂಟಿ. ಊರಿಂದ ನೀವು ಬಂದ್ರಲ್ಲ. ಅಷ್ಟು ಸಾಕು" ಅಂದಳು.

ನನಗೆ ಅವಳ ಮುಖ ನೋಡಲಾಗಲಿಲ್ಲ. "ಬಿಸಿಲು ಏರುತ್ತೆ, ಹೊರಡೋಣ" ಅಂದೆ. ಪ್ರವೀಣನೂ ನಮ್ಮ ಜೊತೆ ಕಾರು ಹತ್ತಿದ.

ಬಾಳೆ ತೋಟ

ಎಲ್ಲ ಸರಿಯಾಗಿಯೇ ನಡೆದಿತ್ತು, ಲೀಲಕ್ಕನಿಗೆ ಬಾಳೆ ಎಲೆ ನೆನಪಾಗುವವರೆಗೆ.

"ಗಣೇಶ, ಮುಂದೆ ಎಡಕ್ಕೆ ತಿರುಗಿಸು. ನಮ್ಮ ತೋಟದವನಿಗೆ ಹೇಳಿಟ್ಟಿದ್ದೇನೆ."

"ಚಾವಡೀಲಿ ಪೇಪರ್ ಪ್ಲೇಟ್ ಇದೆಯಲ್ಲ ಲೀಲಕ್ಕ?"

"ಸೀಮಂತದ ಊಟ ಪೇಪರ್ ಪ್ಲೇಟಲ್ಲಾ? ಹುಟ್ಟುವ ಮಗು ಎಂತ ಹೇಳೀತು?"

"ಅಂಗಡೀಲೂ ಎಲೆ ಸಿಗುತ್ತೆ..."

"ಅಂಗಡಿಯ ಎಲೆ ಮಡಚಿ ಮಡಚಿ ಹರಿದಿರ್ತದೆ. ಸಾರು ಹಾಕಿದ್ರೆ ಸೀರೆಗೆ ಬರ್ತದೆ."

ಹೆದ್ದಾರಿ ಬಿಟ್ಟು, ಬರಿ ಕಲ್ಲುಗುಂಡಿನ ಅಗಲವಾದ ಒಂದು ಒಣ ಹಳ್ಳ ದಾಟಿ, ಹಳ್ಳಿಯೊಂದರ ಪಕ್ಕದ ತೋಟಕ್ಕೆ ಹೋದೆವು. ಸಣ್ಣ ಕಾಲುವೆಯಲ್ಲಿ ಕನ್ನಡಿಯಂಥ ನೀರು, ಖರ್ಜೂರದ ಮರಗಳ ನೆರಳಲ್ಲಿ ಬಾಳೆ. ತೋಟದ ಕೆಲಸಗಾರ ಎಲೆ ಕೊಯ್ದು ತಂದ. ಲೀಲಕ್ಕ ಒಂದೊಂದನ್ನೇ ಬಿಸಿಲಿಗೆ ಹಿಡಿದು, ಹೆಣ್ಣು ನೋಡಲು ಬಂದವರ ಹಾಗೆ ಪರೀಕ್ಷೆ ಮಾಡಿ, ಇದು ಸೀಳು, ಇದು ಎಳಸು, ಇದರ ತುದಿ ಇಲ್ಲ ಎಂದು ಪಕ್ಕಕ್ಕಿಡುತ್ತ ಹೋದರು. ಕರಾವಳಿಯವರಲ್ಲದೆ ಬೇರೆ ಯಾರೂ ಮರುಭೂಮಿಯ ದೇಶದಲ್ಲಿ ಎಲೆಯ ತುದಿಗಾಗಿ ಅಷ್ಟು ಹೊತ್ತು ನಿಲ್ಲಲಾರರು. ಅಷ್ಟರಲ್ಲಿ ಬೆಟ್ಟದ ಹಿಂದಿನಿಂದ ಮೋಡ ಬಂತು. ಗುಡುಗಿತು. ಮಳೆ ಸುರಿಯಿತು.

ಮಳೆ ಬಂದರೆ ನಾವು ಒಣಗಿಸಿದ ಬಟ್ಟೆ ತೆಗೆಯಲು ಓಡುತ್ತೇವೆ. ಆ ಹಳ್ಳಿಯವರು ಮನೆ ಬಿಟ್ಟು ಹೊರಗೆ ಓಡಿದರು. ಗಂಡಸರು ಬಿಳಿ ನಿಲುವಂಗಿಯಲ್ಲೇ ನೆನೆಯುತ್ತ ನಿಂತರು, ಮಕ್ಕಳು ಕುಣಿದರು. ಬೇಗ ಹೊರಡೋಣವೆಂದು ನಾವು ಹಳ್ಳದ ಹತ್ತಿರ ಬಂದರೆ ಬರುವಾಗ ದಾಟಿದ ಕಲ್ಲುಗುಂಡುಗಳು ಎಲ್ಲೂ ಕಾಣಲಿಲ್ಲ. ಕೆಮ್ಮಣ್ಣಿನ ನೀರು ಭೋರೆಂದು ಹರಿಯುತ್ತಿತ್ತು. ವರ್ಷವೆಲ್ಲ ಒಣಗಿದ್ದು ಬೆಟ್ಟದಲ್ಲಿ ಮಳೆಯಾದ ಕೂಡಲೇ ತುಂಬುವ ಇಂಥ ಹಳ್ಳಕ್ಕೆ ಅಲ್ಲಿ ವಾದಿ ಅನ್ನುತ್ತಾರೆ. ಎರಡೂ ದಡದಲ್ಲಿ ಕಾರುಗಳು ಸಾಲುಗಟ್ಟಿದ್ದವು. ಯಾರಿಗೂ ಅವಸರವಿರಲಿಲ್ಲ. ಒಬ್ಬರು ಚಾಪೆ ಹಾಸಿ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದರು, ಜಾತ್ರೆಗೆ ಬಂದವರ ಹಾಗೆ.

"ಖಲಾಸ್. ನೀರು ಇಳಿಯೋವರೆಗೂ ಯಾರೂ ದಾಟೋ ಹಾಗಿಲ್ಲ" ಅಂದ ಗಣೇಶ್.

ವಸಂತಿ ಫೋನ್ ಮಾಡಿ, ಹೋಳಿಗೆ ಆಯಿತು, ಎಲ್ಲರೂ ಬಂದು ಕೂತಿದ್ದಾರೆ, ನೀವೆಲ್ಲಿ ಎಂದು ಕೇಳಿದಳು. ಹೇಳಿದೆ. ಸೌಮ್ಯ ಕಿಟಕಿಯ ಕಡೆ ಮುಖ ತಿರುಗಿಸಿ ಸದ್ದಿಲ್ಲದೆ ಅಳತೊಡಗಿದಳು. ಪ್ರವೀಣ ಅವಳ ಬೆನ್ನು ಸವರುತ್ತ ಲೀಲಕ್ಕನ ಮಡಿಲಲ್ಲಿದ್ದ ಬಾಳೆ ಎಲೆಗಳನ್ನು ನೋಡಿದ ನೋಟವನ್ನು ನಾನು ಮರೆಯಲಾರೆ.

ಪಕ್ಕದ ಕಾರಿನಿಂದ ಕೋಲು ಹಿಡಿದ ಮುದುಕರೊಬ್ಬರು ಇಳಿದು ಬಂದು, ಒಳಗೆ ಇಣುಕಿ ಗಣೇಶನಿಗೆ ಏನೋ ಹೇಳಿದರು. "ಬಸುರಿ ಹೆಂಗಸು ಕಾರಲ್ಲಿ ಕೂರೋದು ಸರಿಯಲ್ಲ, ಸಬ್ಲಾಗೆ ಬನ್ನಿ ಅಂತಿದ್ದಾರೆ" ಅಂದ ಗಣೇಶ್.

ಸಬ್ಲಾ

ಸಬ್ಲಾ ಎಂದರೆ ಆ ಕೇರಿಯವರೆಲ್ಲ ಸೇರಿ ಕಟ್ಟಿಕೊಂಡ ಚಾವಡಿ. ಮದುವೆಯ ಮಾತುಕತೆ, ಸಾವಿನ ಸಮಾಧಾನ, ನೆರೆಯವರ ಜಗಳ, ಹಬ್ಬದ ಊಟ ಎಲ್ಲವೂ ಅಲ್ಲೇ. ಉದ್ದನೆಯ ಕೋಣೆ, ಗೋಡೆಯಿಂದ ಗೋಡೆಗೆ ಕೆಂಪು ಜಮಖಾನೆ, ಸುತ್ತ ಒರಗುದಿಂಬು. ಬಾಗಿಲು ತೆರೆದೇ ಇತ್ತು. ಅಭ್ಯಾಸಬಲದಿಂದ ಚಿಲಕದ ಹತ್ತಿರ ನೋಡಿದೆ. ಬೀಗದ ಗುರುತೇ ಇರಲಿಲ್ಲ.

ಖರ್ಜೂರ ಬಂತು, ಕಾಫಿ ಬಂತು. ಏಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ. ಕಾಫಿ ಮುಗಿದ ಮೇಲೆ ಕೋಲಿನ ಮುದುಕರು ನೆಟ್ಟಗೆ ಕೂತು, ಗಣೇಶನನ್ನು ಬಹಳ ಗಂಭೀರವಾಗಿ ಏನೋ ಕೇಳಿದರು. ಗಣೇಶ್ ಅಷ್ಟೇ ಗಂಭೀರವಾಗಿ ಉತ್ತರ ಕೊಟ್ಟ.

"ಏನಂದ್ರು?"

"ಏನು ಸುದ್ದಿ ಅಂತ ಕೇಳಿದ್ರು ಅಕ್ಕ. ಸುದ್ದಿಯೇನೂ ಇಲ್ಲ, ಎಲ್ಲ ಒಳ್ಳೇದೇ ಅಂದೆ."

"ಒಳ್ಳೇದೇ? ಈ ಹುಡುಗಿ ಅಳ್ತಿದಾಳೆ, ಅಲ್ಲಿ ಹೋಳಿಗೆ ಆರ್ತಿದೆ!"

"ಮೊದಲು ಹಾಗೆ ಹೇಳೋದು ಇಲ್ಲಿನ ಮರ್ಯಾದೆ. ಆಮೇಲೆ ನಿಜ ಹೇಳೋದು."

ಆಮೇಲಿನ ನಿಜವನ್ನು ಅವನು ಹೇಳ ಹೊರಟಾಗ ನಮ್ಮನ್ನು ಪಕ್ಕದ ಹೆಂಗಸರ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಮರಿಯಂ ಎಂಬಾಕೆ ಸೌಮ್ಯಳ ಕೈ ಹಿಡಿದು ನಾಡಿ ನೋಡಿದಳು. ಅವಳು ನಿಜ್ವಾದಲ್ಲಿ ನರ್ಸಂತೆ, ಭಾರತದ ನರ್ಸುಗಳ ಜೊತೆ ಕೆಲಸ ಮಾಡಿ ಹಿಂದಿ ಕಲಿತಿದ್ದಳು. ಮನೆಯಿಂದ ಬಿಪಿ ಯಂತ್ರ ತರಿಸಿ ನೋಡಿ, "ಡರೋ ಮತ್, ಸಬ್ ಠೀಕ್ ಹೈ" ಅಂದಳು. ಅವಳ ಅತ್ತೆ, ಎಲ್ಲರೂ ಅಜ್ಜಿ ಎಂದೇ ಕರೆಯುವ ಮುದುಕಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಸೌಮ್ಯಳ ಸೆರಗಿಗೂ ಕೂದಲಿಗೂ ಹೊಗೆ ಹಿಡಿದಳು. ಹುಡುಗಿ ಅಳು ನಿಲ್ಲಿಸಿ ಸೀನಿದಳು.

ಲೀಲಕ್ಕ ತಮ್ಮ ಹಿಂದಿಯಲ್ಲಿ ಸೀಮಂತದ ಕಥೆ ಹೇಳಿದರು. ಕೇಳಿದ ಮರಿಯಂ, ಇದಕ್ಕೇಕೆ ಅಳಬೇಕು, ಇಲ್ಲೇ ಮಾಡಿ, ಇಷ್ಟು ಹೆಂಗಸರಿದ್ದೇವೆ ಸಾಲದೇ ಅಂದಳು. ಲೀಲಕ್ಕನಿಗೆ ಅಷ್ಟೇ ಸಾಕಾಯಿತು. "ಡಿಕ್ಕಿಯಲ್ಲಿ ಎಲ್ಲ ಉಂಟು! ಸೂರ್ಯ ಮುಳುಗುವ ಮೊದಲು ಮುಗಿಸುವ. ಟೀಚರೇ, ಬಳೆ ತೆಗೀರಿ!"

ದಾಟಿಸಲು ನಾನು ನೆಚ್ಚಿಕೊಂಡಿದ್ದ ಹೆಂಗಸರೆಲ್ಲ ವಾದಿಯ ಆಚೆ, ಮವಾಲೇಹ್‌ನಲ್ಲಿದ್ದರು. ಲೀಲಕ್ಕನನ್ನು ಮೂಲೆಗೆ ಕರೆದೆ.

"ನೀವೇ ಹಾಕ್ಬಿಡಿ ಲೀಲಕ್ಕ. ನಮ್ಮ ಯಜಮಾನರಿಲ್ಲ. ನಾನು ಮುಟ್ಟೋದು ಸರಿಯಲ್ಲ."

"ಗೊತ್ತುಂಟು. ವಸಂತಿ ಹೇಳಿದ್ದಾಳೆ" ಅಂದರು ಅವರು. ಎಲೆಯ ತುದಿಗಾಗಿ ಒಂದು ಊರನ್ನೇ ಕಾಯಿಸಿದ ಹೆಂಗಸು! ಇವರು ಒಪ್ಪುತ್ತಾರೆಂದು ನಾನು ಎಣಿಸಿರಲೇ ಇಲ್ಲ. "ನಿಯಮದಲ್ಲಿ ಗಂಡ ಇರ್ಬೇಕು ಅಂತ ಇಲ್ಲ. ಕಡೆಗೆ ಬಂದವರು ಅಂತ ಉಂಟು. ನಿಮ್ಮ ಸಂಘದಲ್ಲಿ ನಿಯಮ ಮುರೀಲಿಕ್ಕೆ ನೀವು ಬಿಡ್ತೀರಾ?"

ಬಿಡುವುದಿಲ್ಲ. ಆದರೂ ಕೊನೆಯ ಅಸ್ತ್ರವಾಗಿ, "ಹುಡುಗಿಯ ಅಮ್ಮನನ್ನು ಕೇಳದೆ ಆಗೋದಿಲ್ಲ" ಅಂದೆ.

ಸೌಮ್ಯಳ ಫೋನು ಒರಗುದಿಂಬಿಗೆ ಒರಗಿತು. ಕಾರ್ಕಳದ ಮುಖ ಬಂತು. ನಾನು ತರಗತಿಯಲ್ಲಿ ನಿಂತ ಹಾಗೆ ನಿಂತು ಹೇಳಿದೆ: "ನೋಡಿ, ನಾನು ಗಂಡನಿಲ್ಲದವಳು. ನಿಮ್ಮ ಮಗಳಿಗೆ ಮೊದಲ ಬಳೆ ನಾನು ಹಾಕ್ಬೇಕು ಅಂತಿದ್ದಾರೆ. ನೀವು ಬೇಡ ಅಂದ್ರೆ ನನಗೆ ಒಂದಿಷ್ಟೂ ಬೇಜಾರಿಲ್ಲ." ಕೊನೆಯ ಮಾತು ಸುಳ್ಳು. ಸೌಮ್ಯ ನನ್ನ ಸೆರಗು ಹಿಡಿದುಕೊಂಡಳು.

ಆ ಅಮ್ಮನ ಬಾಯಿ ಅರ್ಧ ತೆರೆಯಿತು, ಹುಬ್ಬು ಮೇಲೆ ಹೋಯಿತು, ಹಾಗೇ ನಿಂತುಬಿಟ್ಟಿತು. ಗಾಬರಿಯಾಗಿ ನಿಂತಿತೋ ನೆಟ್‌ವರ್ಕ್ ಹೋಗಿ ನಿಂತಿತೋ ಯಾರಿಗೂ ತಿಳಿಯಲಿಲ್ಲ. ನಾವೆಲ್ಲ ಆ ಅರ್ಧ ತೆರೆದ ಬಾಯಿಯನ್ನೇ ನೋಡುತ್ತ ಕೂತೆವು. ಮರಿಯಂ ಫೋನ್ ಎತ್ತಿ ಕಿಟಕಿಗೆ ಹಿಡಿದಳು. ಇನ್ನೊಬ್ಬಳು ಬಾಗಿಲಿಗೆ ಒಯ್ದಳು. ಇಷ್ಟು ವರ್ಷ ಯಾರನ್ನೂ ಕೇಳದೆ ಹಿಂದಿನ ಸಾಲಿಗೆ ಹೋಗಿ ಕೂತವಳು ಮೊದಲ ಬಾರಿ ಕೇಳಿದ್ದೆ. ಬೇಡ ಎಂದರೆ ತಡೆದುಕೊಳ್ಳಲಾರೆ ಎಂದು ಆಗಲೇ ನನಗೆ ಗೊತ್ತಾದದ್ದು.

ಬಾಗಿಲ ಹೊರಗಿನಿಂದ ಜೋರಾದ ದನಿ ಬಂತು. "...ಅಯ್ಯೋ ಕೇಳ್ತದಾ? ಎಷ್ಟು ಹೊತ್ತಿಂದ ಬೊಬ್ಬೆ ಹಾಕ್ತಾ ಇದ್ದೇನೆ! ಟೀಚರೇ, ನನ್ನ ವಯಸ್ಸಿನವರ ಕೈ ಮಗಳ ಕೈಗೆ ತಾಗ್ಬೇಕು ಅಂತ ನನಗೆ ಇದ್ದದ್ದು. ಗಂಡನ ಕೈ ಯಾರು ಕೇಳಿದ್ರು? ಬೇಗ ಹಾಕಿ, ನನ್ನ ಫೋನಿನ ಚಾರ್ಜ್ ಹೋಗ್ತಾ ಉಂಟು!"

ಎಲ್ಲರೂ ನಕ್ಕರು. ಕನ್ನಡ ತಿಳಿಯದವರು ಇನ್ನೂ ಜೋರಾಗಿ ನಕ್ಕರು. ನಾನು ಕಣ್ಣೊರೆಸಿಕೊಂಡು ಡಬ್ಬಿ ಬಿಚ್ಚಿದೆ.

ಬಳೆ ಹಿಡಿಯಲಿಲ್ಲ. ಬಾತ ಕೈಗೆ ನಾನು ಅಂದಾಜಿನಿಂದ ತಂದ ಅಳತೆ ಚಿಕ್ಕದು. ಒಂದು ಒಡೆಯಿತು. ಹೆಚ್ಚು ಒತ್ತಲು ಭಯ. ಅಜ್ಜಿ ಹತ್ತಿರ ಸರಿದು, ಏನನ್ನೂ ಕೇಳದೆ ಸೌಮ್ಯಳ ಕೈಗೆ ಎಣ್ಣೆ ಹಚ್ಚಿ ಬೆರಳ ಗೆಣ್ಣುಗಳನ್ನು ಮೆಲ್ಲಗೆ ನೀವತೊಡಗಿದಳು. ಅವಳು ಕೈಯನ್ನು ಒತ್ತಿ ಹಿಡಿದಳು, ನಾನು ಬಳೆ ಸರಿಸಿದೆ. ಮೊದಲ ಬಳೆ ಜಾರಿ ಮಣಿಕಟ್ಟಿಗೆ ಬಂತು. ಈ ಕೇರಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟುವುದಿದ್ದರೂ ಮೊದಲು ಕರೆಯುವುದು ಅಜ್ಜಿಯನ್ನೇ, ಎಂದಳು ಮರಿಯಂ. "ಮಾವನವರು?" ಎಂದೆ. ಅವರು ಹೋಗಿ ಎಷ್ಟೋ ಕಾಲವಾಯಿತು ಎಂದಳು, ಮಳೆ ನಿಂತಿತು ಅನ್ನುವಷ್ಟೇ ಸಹಜವಾಗಿ.

ಲೀಲಕ್ಕ ಮಡಿಲು ತುಂಬಿದರು, ಹಾಡು ಹೇಳಿದರು. ಒಮಾನಿ ಹೆಂಗಸರು ನಾಲಿಗೆ ಆಡಿಸಿ ಸಂಭ್ರಮದ ಕೂಗು ಹಾಕಿದರು. ಫೋನಿನ ಅಮ್ಮ ಅತ್ತು, ನಕ್ಕು, ಚಾರ್ಜ್ ಮುಗಿದು ಮಾಯವಾದರು. ಉಳಿದ ಬಳೆಗಳನ್ನು ಬಂದವರಿಗೆಲ್ಲ ಹಂಚುವಾಗ ಅಜ್ಜಿ ತಾನು ಎರಡು ಹಾಕಿಕೊಂಡಳು. ಆಮೇಲೆ ನನ್ನ ಬರಿಗೈ ನೋಡಿ, ಎಣ್ಣೆ ಕೈಯಿಂದಲೇ ಹಿಡಿದುಕೊಂಡಳು. "ಬೇಡ, ನನಗೆ ಬೇಡ" ಅಂದೆ. ಅವಳಿಗೆ ಕನ್ನಡ ಬರುವುದಿಲ್ಲ. ಎರಡು ಬಳೆ ಸಲೀಸಾಗಿ ಏರಿದವು.

ಊಟಕ್ಕೆ ಅನ್ನ, ಬೇಳೆ, ಮೊಸರು ಬಂದವು. ಅಲ್ಲಿನವರು ದೊಡ್ಡ ಪರಾತದ ಸುತ್ತ ಕೂತು ಒಂದೇ ರಾಶಿಯಿಂದ ಉಣ್ಣುತ್ತಾರೆ. ಲೀಲಕ್ಕ ಬಾಳೆ ಎಲೆ ಹಾಸಿ, ತುದಿ ಎಡಕ್ಕೆ ಬರಬೇಕೆಂದು ಪ್ರತಿಯೊಬ್ಬರ ಎಲೆಯನ್ನೂ ತಿರುಗಿಸಿಕೊಟ್ಟರು. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಗಿಡದಲ್ಲೇ ಬೆಳೆಯುತ್ತದೆಯೇ ಎಂದು ಅಜ್ಜಿ ಕೇಳಿದಳಂತೆ.

ಮತ್ತೆ ಮವಾಲೇಹ್

ಸಂಜೆಗೆ ವಾದಿ ಇಳಿಯಿತು. ನಾವು ಚಾವಡಿ ಮುಟ್ಟಿದಾಗ ಯಾರೂ ಎದ್ದು ಹೋಗಿರಲಿಲ್ಲ. ಸೌಮ್ಯಳಿಗೆ ಮತ್ತೊಮ್ಮೆ ಆರತಿ, ಮತ್ತೊಮ್ಮೆ ಹಾಡು, ತಣ್ಣಗಾದ ಹೋಳಿಗೆಗೆ ಬಿಸಿ ತುಪ್ಪ. ಆದರೆ ಎಲೆಯೆಲ್ಲ ಸಬ್ಲಾದಲ್ಲೇ ಖರ್ಚಾಗಿತ್ತು. ಗಣೇಶ್ ತುಟಿ ಕಚ್ಚಿ ನಗು ತಡೆದುಕೊಂಡು ಪೇಪರ್ ಪ್ಲೇಟಿನ ಕಟ್ಟು ಬಿಚ್ಚಿದ. ಲೀಲಕ್ಕ ಎರಡು ಪ್ಲೇಟು ಒಂದರ ಮೇಲೊಂದು ಇಟ್ಟುಕೊಂಡು, ಸಾರು ಸೀರೆಗೆ ಬಾರದ ಹಾಗೆ ಉಂಡರು.

ವಸಂತಿ ನನ್ನ ಕೈ ನೋಡಿದಳು. ಇನ್ನೊಂದು ಹೋಳಿಗೆ ಬಡಿಸಿದಳು.

ಮೈಸೂರು

ನಮ್ಮ ಭವನದ ಬೀಗದ ಕೈ ಈಗ ನನ್ನ ಸೆರಗಿನಲ್ಲಿಲ್ಲ, ಎದುರಿನ ಕಿರಾಣಿ ಅಂಗಡಿಯ ಮೊಳೆಯಲ್ಲಿದೆ. ಬೇಕಾದವರು ತೆಗೆದುಕೊಂಡು, ಗುಡಿಸಿ, ಮತ್ತೆ ತೂಗುಹಾಕಬೇಕು. ಸಭೆಯಲ್ಲಿ ಇದಕ್ಕೆ ನಿಯಮ ಓದಿ ಆಕ್ಷೇಪಿಸಿದವರು ಶ್ರೀಕಂಠಯ್ಯನವರು! ಭವನ ಮೊದಲಿನಷ್ಟು ಸ್ವಚ್ಛವಾಗಿಲ್ಲ ಅನ್ನುವುದನ್ನು ಒಪ್ಪಬೇಕು.

ಮೊನ್ನೆ ಅಲ್ಲೇ ಅವರ ಸೊಸೆಯ ಸೀಮಂತ. ಒಳಗೆ ಕಾಲಿಡುತ್ತಿದ್ದಂತೆ ಶ್ರೀಕಂಠಯ್ಯನವರ ಹೆಂಡತಿ ನಗುನಗುತ್ತ ಎದುರು ಬಂದರು.

"ಬನ್ನಿ ಟೀಚರ್, ಅಲ್ಲಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ."

"ನನಗೆ ಸೆಖೆ ಆಗ್ತಿಲ್ಲ" ಅಂದು ಮುಂದಿನ ಸಾಲಿನಲ್ಲಿ ಕೂತೆ.

ಆರತಿ ತಟ್ಟೆ ಸಾಲಿನಲ್ಲಿ ಬಂತು. ನನ್ನ ಪಕ್ಕದವರ ತನಕ ಬಂದದ್ದೇ, ಅದನ್ನು ಹಿಡಿದಿದ್ದ ಶ್ರೀಕಂಠಯ್ಯನವರ ಹೆಂಡತಿ ಎಂದಿನಂತೆ ಅತ್ತ ತಿರುಗಿದರು. ನಾನು ಕೈ ಮುಂದೆ ಚಾಚಿದೆ. ಹಸಿರು ಬಳೆಗಳು ಸದ್ದು ಮಾಡಿದವು. ಅವರು ನಿಂತು, ನನ್ನ ಕೈ ನೋಡಿದರು, ಮುಖ ನೋಡಿದರು. ಹಸೆಯ ಮೇಲಿದ್ದ ಬಸುರಿ ಹುಡುಗಿ, "ಟೀಚರಿಗೂ ಕೊಡಿ ಅತ್ತೆ" ಅಂದಳು.

ತಟ್ಟೆ ನನ್ನ ಕೈಗೆ ಬಂತು. ಎದ್ದು ಹೋಗಿ ಬೆಳಗಿದೆ.